ಯೋನನ ತಲೆಯ ಮೇಲಿನ ಸೋರೆಕಾಯಿ

ಓಯಾ ಅಂತ ಒಂದು ಊರು. ಉತ್ತರ ಆಫ್ರಿಕಾದಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿ ಕೂತ ಬಂದರು. ಇವತ್ತು ಅದರ ಹೆಸರು ಟ್ರಿಪೊಲಿ, ಲಿಬಿಯಾದ ರಾಜಧಾನಿ. ಹಳೆಯ ಊರಿನ ಕುರುಹಾಗಿ ನೆಲದ ಮೇಲೆ ಉಳಿದಿರುವುದರಲ್ಲಿ ಎದ್ದು ಕಾಣುವುದು ಒಂದು ಕಲ್ಲಿನ ಕಮಾನು. ಕ್ರಿ.ಶ. 165ರ ಸುಮಾರಿಗೆ ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಹೆಸರಿನಲ್ಲಿ ಎತ್ತಿದ್ದು. ಅದರಡಿಯಲ್ಲಿ ಹಾದು ಎಣ್ಣೆ ವ್ಯಾಪಾರಿಗಳು, ಹಡಗಿನ ಹಮಾಲರು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು, ಬೀದಿಯಲ್ಲಿ ಲ್ಯಾಟಿನ್ ಆಡಿ ಮನೆಯಲ್ಲಿ ಪ್ಯೂನಿಕ್ ಆಡುವವರು, ಗ್ರೀಕರು, ಎಲ್ಲರೂ ಚರ್ಚಿಗೆ ಹೊರಟಿದ್ದಾರೆ ಅಂದುಕೊಳ್ಳೋಣ. ಕ್ರಿ.ಶ. 400 ದಾಟಿ ಒಂದೆರಡು ವರ್ಷ ಆಗಿರಬೇಕು.

ಅವತ್ತಿನ ಪಾಠ ಯೋನನ ಪುಸ್ತಕದ್ದು. ಬಂದವರಲ್ಲಿ ಬಹಳ ಮಂದಿಯ ಕೈಯಲ್ಲಿ ಪುಸ್ತಕವಿಲ್ಲ, ಓದಲೂ ಬಾರದು. ಆದರೆ ಪಾಠ ಬಾಯಿಪಾಠ. ಅಜ್ಜಂದಿರು ಕೇಳಿದ್ದು, ಅಪ್ಪಂದಿರು ಕೇಳಿದ್ದು, ತಾವು ಎಳವೆಯಿಂದ ಕೇಳಿದ್ದು. ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ಗಮಕಿಗಳು ಓದುವಾಗ ಪದ್ಯದ ಮುಂದಿನ ಪಾದ ಹಿಂದೆ ಕೂತ ಮುದುಕರ ತುಟಿಯ ಮೇಲೆ ಮೊದಲೇ ಆಡುತ್ತಿರುತ್ತದಲ್ಲ, ಹಾಗೆ. ಬಿಷಪರು ಆವತ್ತು ಕೈಗೆತ್ತಿಕೊಂಡದ್ದು ಹೊಸ ಲ್ಯಾಟಿನ್ ಅನುವಾದ. ಬೆತ್ಲೆಹೇಮಿನಲ್ಲಿ ಕೂತ ಜೆರೋಮ್ ಎಂಬ ಪಂಡಿತ ನೇರ ಹೀಬ್ರೂವಿನಿಂದ ಮಾಡಿದ್ದು.

ಕತೆ ಸಲೀಸಾಗಿ ಸಾಗಿತು. ದೇವರು ಯೋನನಿಗೆ ನಿನೆವೆಗೆ ಹೋಗಿ ಸಾರು ಅಂದ. ಯೋನ ತದ್ವಿರುದ್ಧ ದಿಕ್ಕಿಗೆ ಹಡಗು ಹತ್ತಿದ. ಬಿರುಗಾಳಿ ಎದ್ದಿತು, ಹಡಗಿನವರು ಅವನನ್ನು ಸಮುದ್ರಕ್ಕೆ ಎಸೆದರು, ದೊಡ್ಡ ಮೀನು ನುಂಗಿತು, ಮೂರು ದಿನ ಕಳೆದು ದಡಕ್ಕೆ ಕಾರಿತು. ಅವನು ಹೋಗಿ ಸಾರಿದ. ಊರಿಗೆ ಊರೇ ಪಶ್ಚಾತ್ತಾಪಪಟ್ಟಿತು, ದೇವರು ಕ್ಷಮಿಸಿಬಿಟ್ಟ. ಯೋನನಿಗೆ ಸಿಟ್ಟು ಬಂತು. ನಾಶವಾಗುತ್ತೆ ಅಂತ ತಾನು ಕೂಗಿ ಬಂದ ಊರು ನಾಶವಾಗಲಿಲ್ಲವಲ್ಲ ಅಂತ. ಊರ ಮೂಡಣಕ್ಕೆ ಹೋಗಿ ಒಂದು ಗುಡಿಸಲು ಕಟ್ಟಿ ಮುನಿಸಿಕೊಂಡು ಕೂತ. ಬಿಸಿಲು. ಆಗ ದೇವರು ಅವನ ತಲೆಯ ಮೇಲೆ ನೆರಳಾಗಲೆಂದು ಒಂದು ಗಿಡ ಬೆಳೆಸಿದ.

ಎಂಥ ಗಿಡ? ಕೂತವರ ಕಿವಿಗಳೆಲ್ಲ ‘ಕುಕುರ್ಬಿಟ’ ಎಂಬ ಮಾತಿಗೆ ಕಾದಿದ್ದವು. ಸೋರೆ. ಬಿಷಪರ ಬಾಯಿಂದ ಬಂದದ್ದು ‘ಹೆದೆರ’.

ಗದ್ದಲ ಎದ್ದಿತು. ಗ್ರೀಕರ ದನಿ ಎಲ್ಲರಿಗಿಂತ ಜೋರು. ನಮ್ಮ ಗ್ರೀಕ್ ಪುಸ್ತಕದಲ್ಲೂ ಸೋರೆಯೇ ಇದೆ, ಇದು ಸುಳ್ಳು ಪಾಠ ಅಂದರು. ಬಿಷಪರು ಕಂಗಾಲಾದರು. ಊರಿನಲ್ಲಿದ್ದ ಯೆಹೂದ್ಯರನ್ನು ವಿಚಾರಿಸಿದರು, ಮೂಲ ಅವರದ್ದೇ ತಾನೇ. ಅವರು ಕೇಡಿಗೆ ಹೇಳಿದರೋ, ಗೊತ್ತಿಲ್ಲದೆ ಹೇಳಿದರೋ, ಅಂತೂ ಗ್ರೀಕಿನಲ್ಲೂ ಹಳೆಯ ಲ್ಯಾಟಿನ್ನಿನಲ್ಲೂ ಇರುವುದೇ ಹೀಬ್ರೂವಿನಲ್ಲಿಯೂ ಇದೆ ಅಂದರು. ಬಿಷಪರು ಹೊಸ ಪಾಠವನ್ನು ತಿದ್ದಿ ಹಳೆಯದಕ್ಕೇ ಮರಳಿದರು. ಮರಳದಿದ್ದರೆ ಓದಿಸಿಕೊಳ್ಳಲು ಒಬ್ಬ ನರಪಿಳ್ಳೆಯೂ ಉಳಿಯುತ್ತಿರಲಿಲ್ಲ.

ಈ ಪ್ರಸಂಗ ನಮಗೆ ತಿಳಿದಿರುವುದು ಒಂದು ಕಾಗದದಿಂದ. ಹಿಪ್ಪೊ ಊರಿನ ಬಿಷಪ್ ಅಗಸ್ಟೀನ್ 403ರಲ್ಲಿ ಜೆರೋಮ್‌ಗೆ ಬರೆದದ್ದು. ಹಿಪ್ಪೊ ಅಂದರೆ ಈಗಿನ ಅಲ್ಜೀರಿಯಾದ ಅನ್ನಾಬ. ಕಾಗದದಲ್ಲಿ ಓಯಾದ ಬಿಷಪರ ಹೆಸರಿಲ್ಲ. ಅದಕ್ಕಿಂತ ವಿಚಿತ್ರ, ಗಲಾಟೆ ಎಬ್ಬಿಸಿದ ಪದ ಯಾವುದು ಅಂತಲೂ ಇಲ್ಲ. ಯೋನನಲ್ಲಿ ಒಂದು ಮಾತು, ತಲೆತಲಾಂತರದಿಂದ ಜನ ಹಾಡಿಕೊಂಡು ಬಂದು ನೆನಪಿನಲ್ಲಿ ಬೇರೂರಿದ್ದು, ನಿಮ್ಮ ಪಾಠದಲ್ಲಿ ಬೇರೆಯಾಗಿದೆ, ಅಷ್ಟೇ ದೂರು. ಅದು ಸೋರೆಯ ಜಗಳ ಅಂತ ಊಹಿಸಿದವನು ಜೆರೋಮ್. ಆ ಗಿಡದ ವಿಷಯದಲ್ಲಿ ಅವನಿಗೆ ಮೊದಲೇ ಒಮ್ಮೆ ಏಟು ಬಿದ್ದಿತ್ತು.

*

‘ಹೆದೆರ’ ಎಂದರೆ ಇಂಗ್ಲಿಷಿನವರು ಐವಿ ಅನ್ನುವ ಬಳ್ಳಿ. ಹಳೆಯ ಕಲ್ಲುಗೋಡೆಗೆ ಸಾವಿರ ಕಾಲೂರಿ ಹತ್ತುವ, ಚಳಿಗಾಲದಲ್ಲೂ ಹಸಿರು ಬಿಡದ ಬಳ್ಳಿ. ಇದಕ್ಕೆ ಕನ್ನಡದಲ್ಲಿ ಊರು ಬಲ್ಲ ಹೆಸರೊಂದಿಲ್ಲ, ನಮ್ಮ ಬೇಲಿಗಳಲ್ಲಿ ಅದು ಹುಟ್ಟುವುದೂ ಇಲ್ಲ. ಐವಿ ಅಂತಲೇ ಬರೆದರೆ ಹಳ್ಳಿಯ ಓದುಗರಿಗೆ ಏನೂ ಕಾಣಿಸದು. ‘ಗೋಡೆಬಳ್ಳಿ’ ಅಂತ ಹೊಸದಾಗಿ ಕಟ್ಟಿದರೆ ಗಿಡದ ಹೆಸರಾಗದು. ಈ ಸಾಲು ಬರೆಯಲು ಕೂತಾಗ ನನ್ನ ಲೇಖನಿ ನಿಂತ ಜಾಗದಲ್ಲೇ ಹದಿನಾರು ಶತಮಾನದ ಹಿಂದೆ ಜೆರೋಮ್‌ನದ್ದೂ ನಿಂತಿತ್ತು. ಅವನ ಮುಂದಿದ್ದ ಹೀಬ್ರೂ ಪದ ‘ಕಿಕಾಯೋನ್’.

ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಗವಿಯೆಂದು ನಂಬುವ ಜಾಗದ ಪಕ್ಕಕ್ಕೇ, ಸಂತ ಕ್ಯಾಥರೀನ್ ಚರ್ಚಿನ ಕೆಳಗೆ, ಮೆಟ್ಟಿಲಿಳಿದು ಹೋದರೆ ಇನ್ನೂ ಕೆಲವು ಗವಿಗಳಿವೆ. ತಗ್ಗಾದ ಚಾವಣಿ, ಬರಿಗಲ್ಲು. ಅವುಗಳಲ್ಲೊಂದು ಜೆರೋಮ್ ಕೂತು ಬರೆದ ಕೋಣೆ ಅನ್ನುತ್ತಾರೆ. ಬೇರೆ ಗವಿಯಲ್ಲಿ ಅವನ ಸಮಾಧಿ, ಅದರ ಹತ್ತಿರವೇ ಪೌಲಾ ಮತ್ತು ಅವಳ ಮಗಳು ಯುಸ್ಟೋಕಿಯಂ ಅವರದ್ದು. ಮೇಲಿನ ಅಂಗಳದಲ್ಲಿ ಅವನ ಪ್ರತಿಮೆ, ಕಾಲ ಬಳಿ ತಲೆಬುರುಡೆ. ಆ ಗವಿಯೇ ಹೌದೋ ಅಲ್ಲವೋ, ಊರಂತೂ ಇದೇ. 386ರಲ್ಲಿ ಬಂದವನು 420ರಲ್ಲಿ ಸಾಯುವವರೆಗೆ ಇಲ್ಲೇ ಇದ್ದ.

ಬಂದದ್ದು ಸುಖವಾಗಿ ಅಲ್ಲ. ರೋಮಿನಲ್ಲಿ ಪೋಪ್ ಡಮಾಸಸ್‌ರ ಕಾರ್ಯದರ್ಶಿಯಾಗಿದ್ದ. ನಾಲ್ಕು ಸುವಾರ್ತೆಗಳ ಲ್ಯಾಟಿನ್ ಪಾಠ ಊರಿಗೊಂದು ಬಗೆಯಾಗಿದೆ, ಗ್ರೀಕಿಗೆ ಹಚ್ಚಿ ಸರಿಮಾಡು ಅಂತ ಅವನಿಗೆ ಕೆಲಸ ಒಪ್ಪಿಸಿದ್ದವರು ಅವರೇ. 384ರಲ್ಲಿ ಪೋಪ್ ತೀರಿಕೊಂಡರು. ಜೆರೋಮ್‌ನ ನಾಲಗೆ ಯಾರನ್ನೂ ಬಿಟ್ಟಿರಲಿಲ್ಲ. ಸುಗಂಧ ಪೂಸಿಕೊಂಡು ಶ್ರೀಮಂತರ ಮನೆ ಸುತ್ತುವ ಪಾದ್ರಿಗಳನ್ನು ಹೆಸರೆತ್ತದೆ ಬಿಡಿಸಿ ಬರೆದಿದ್ದ. ಅವರೆಲ್ಲ ಸೇರಿ ಮರುವರ್ಷ ಊರು ಬಿಡಿಸಿದರು. ಹಿಂದೆಯೇ ಹೊರಟವಳು ಪೌಲಾ, ರೋಮಿನ ಹಳೆಯ ಸಿರಿವಂತ ಮನೆತನದ ವಿಧವೆ. ಗಂಡಸರಿಗೊಂದು ಮಠ, ಹೆಂಗಸರಿಗೆ ಮೂರು, ಯಾತ್ರಿಕರಿಗೊಂದು ಛತ್ರ, ಎಲ್ಲಕ್ಕೂ ಹಣ ಹರಿದದ್ದು ಅವಳ ಗಂಟಿನಿಂದ. ಕೊಟ್ಟು ಕೊಟ್ಟು ಕೊನೆಗೆ ಮಗಳಿಗೆ ಬಿಟ್ಟು ಹೋದದ್ದು ಸಾಲವನ್ನು. ಜೆರೋಮ್ ಮೆಚ್ಚಿ ಬರೆದಿರುವುದು ಇನ್ನೊಂದನ್ನು: ಆಕೆ ಹೀಬ್ರೂ ಕಲಿತು, ಲ್ಯಾಟಿನ್ನಿನ ಎಳೆತ ಚೂರೂ ಸೋಂಕದಂತೆ ಕೀರ್ತನೆಗಳನ್ನು ಹೀಬ್ರೂವಿನಲ್ಲೇ ಹಾಡುತ್ತಿದ್ದಳು. ಬೈಬಲ್ ಅನುವಾದದ ಚರಿತ್ರೆಯಲ್ಲಿ ಪೌಲಾಗೆ ಸಿಗುವುದು ಒಂದು ಅಡಿಟಿಪ್ಪಣಿ. ಅದು ಸಾಲದು.

ಜೆರೋಮ್‌ಗೆ ಹೀಬ್ರೂ ಸುಲಭಕ್ಕೆ ಒಲಿಯಲಿಲ್ಲ. ಹರೆಯದಲ್ಲಿ ಸಿರಿಯಾದ ಮರುಭೂಮಿಗೆ ತಪಸ್ಸಿಗೆಂದು ಹೋಗಿದ್ದಾಗ, ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನ ಬಳಿ ಅಕ್ಷರ ತಿದ್ದಲು ಕೂತ. ಸಿಸೆರೊನ ಸಿಹಿ ಲ್ಯಾಟಿನ್ ಉಂಡು ಬೆಳೆದ ನಾಲಗೆ ಆ ಬುಸುಗುಡುವ, ಉಬ್ಬಸದ ಶಬ್ದಗಳ ಮುಂದೆ ಸೋತಿತು. ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಬೆತ್ಲೆಹೇಮಿನಲ್ಲಿ ಸಿಕ್ಕ ಗುರು ಬರನೀನ ಎಂಬ ಯೆಹೂದ್ಯ. ಸ್ವಜನರ ಕಣ್ಣಿಗೆ ಬೀಳಬಾರದೆಂದು ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದ, ತಕ್ಕ ಸಂಬಳಕ್ಕೆ. ಜೆರೋಮ್‌ನ ಹಳೆಯ ಗೆಳೆಯ, ಆಮೇಲೆ ಬದ್ಧ ವೈರಿಯಾದ ರುಫಿನಸ್ ಆ ಗುರುವಿನ ಹೆಸರನ್ನೇ ತಿರುಚಿ ಬರಬ್ಬ ಅಂತ ಗೇಲಿ ಮಾಡಿದ. ಯೇಸುವಿನ ಬದಲು ಜನ ಬಿಡಿಸಿಕೊಂಡ ಕೈದಿಯ ಹೆಸರದು. ಪಂಡಿತರ ಜಗಳ ಅಂದರೆ ಇಷ್ಟೇ ಮಟ್ಟ, ಆಗಲೂ.

ಕಣ್ಣು ಸೋತ ಮೇಲೆ ಜೆರೋಮ್ ಹೇಳಿ ಬರೆಸುತ್ತಿದ್ದ. ತೋಬಿತನ ಪುಸ್ತಕದ ಅನುವಾದ ಒಂದೇ ದಿನದ ಕೆಲಸ. ಮೂಲ ಅರಮೇಯಿಕ್‌ನಲ್ಲಿತ್ತು, ಅವನಿಗೆ ಅದು ಅಷ್ಟು ಬಾರದು; ಎರಡೂ ಬಲ್ಲ ಒಬ್ಬನನ್ನು ಹಿಡಿದು ತಂದ. ಆತ ಅರಮೇಯಿಕ್ ಓದಿ ಹೀಬ್ರೂವಿನಲ್ಲಿ ಹೇಳುವುದು, ಇವನು ಅದನ್ನು ಲ್ಯಾಟಿನ್ ಮಾಡಿ ಲಿಪಿಕಾರನಿಗೆ ಹೇಳುವುದು. ಮೂವರ ಬಾಯಿ ಕಿವಿ ಕೈಗಳ ನಡುವೆ ಒಂದು ಪುಸ್ತಕ ಸಂಜೆಯೊಳಗೆ ಭಾಷೆ ದಾಟಿತು. ಆದರೆ ಯೋನನ ಗಿಡದ ಮುಂದೆ ಈ ವೇಗ ಕೈಕೊಟ್ಟಿತು.

*

ಕಿಕಾಯೋನ್ ಯಾವ ಗಿಡ ಅಂತ ಜೆರೋಮ್‌ಗೆ ಗೊತ್ತಿರಲಿಲ್ಲ ಅಂದುಕೊಂಡರೆ ತಪ್ಪು. ಚೆನ್ನಾಗಿ ಗೊತ್ತಿತ್ತು. 396ರಲ್ಲಿ ಬರೆದ ಯೋನನ ವ್ಯಾಖ್ಯಾನದಲ್ಲಿ ಅದನ್ನು ಕಣ್ಣಾರೆ ಕಂಡವನ ಹಾಗೆ ಬಿಡಿಸಿದ್ದಾನೆ. ದ್ರಾಕ್ಷಿಯೆಲೆಯಂಥ ಅಗಲ ಎಲೆ. ದಟ್ಟ ನೆರಳು. ಊರುಗೋಲು ಬೇಡ, ತನ್ನ ಕಾಂಡದ ಮೇಲೆ ತಾನೇ ನಿಲ್ಲುತ್ತದೆ. ಪ್ಯಾಲಸ್ತೀನದ ಮರಳು ನೆಲದಲ್ಲಿ ಹೇರಳ. ಬೀಜ ಬಿದ್ದ ಕೆಲವೇ ದಿನಕ್ಕೆ, ನಿನ್ನೆ ಸೊಪ್ಪಾಗಿದ್ದದ್ದು ಇವತ್ತು ಪುಟ್ಟ ಮರ.

ಇದನ್ನು ಓದಿದ ಕೂಡಲೇ ನನಗೆ ನಮ್ಮ ಹಿತ್ತಲು ಕಂಡಿತು. ಬಚ್ಚಲ ನೀರು ಹೋಗುವ ಕಡೆ, ತಿಪ್ಪೆಯ ಪಕ್ಕ, ಯಾರೂ ನೆಡದೆ ಎದ್ದ ಔಡಲ. ಮೈಸೂರು ಕಡೆಯವರು ಹರಳು ಅನ್ನುತ್ತಾರೆ. ಬೆರಳು ಅಗಲಿಸಿ ಹಿಡಿದ ಅಂಗೈಯಂಥ ಎಲೆ, ಅಂಚಿಗೆಲ್ಲ ಗರಗಸದ ಹಲ್ಲು, ಕೆಂಪು ಬೂದಿ ಬಳಿದಂಥ ಟೊಳ್ಳು ಕಾಂಡ. ಒಂದು ಮಳೆ ಬಿದ್ದರೆ ಮೊಣಕಾಲೆತ್ತರ, ಇನ್ನೊಂದಕ್ಕೆ ನಮ್ಮೆತ್ತರ. ಮುಳ್ಳುಕಾಯಿ ಒಣಗಿ ಬಿಸಿಲಿಗೆ ಟಪ್ಪೆಂದು ಸಿಡಿದರೆ ಒಳಗಿನಿಂದ ಚುಕ್ಕೆ ಚುಕ್ಕೆಯ ನುಣ್ಣನೆ ಬೀಜ. ಅಜ್ಜಿ ಅದನ್ನು ಹುರಿದು ಕುಟ್ಟಿ ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ಎತ್ತಿ ಎತ್ತಿ ಹಿತ್ತಾಳೆ ತಂಬಿಗೆಗೆ ಹಾಕುತ್ತಿದ್ದಳು. ಕೂಸಿನ ನೆತ್ತಿಗೆ, ಗಾಡಿಯ ಕೀಲಿಗೆ, ದೇವರ ದೀಪಕ್ಕೆ, ವರ್ಷಕ್ಕೊಮ್ಮೆ ನಮ್ಮ ಮೂಗು ಹಿಡಿದು ಬಾಯಿಗೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಿಡದ ಎಲೆಗಳಲ್ಲಿ ನರ ಬಿಟ್ಟು ಬೇರೇನೂ ಇರಲಿಲ್ಲ. ಹಸಿರು ಹುಳುಗಳು ರಾತ್ರಿಯಿಡೀ ಮೇಯ್ದಿದ್ದವು. ಯೋನನ ಗಿಡಕ್ಕೂ ಆದದ್ದು ಅದೇ; ಮರುದಿನ ನಸುಕಿಗೆ ಹುಳ ಬಂತು, ಗಿಡ ಬಾಡಿತು, ಬಿಸಿಗಾಳಿ ಬೀಸಿತು, ಅವನು ಸಾವು ಬೇಡಿದ.

ಮರವಿಲ್ಲದ ಊರಲ್ಲಿ ಔಡಲೇ ಮಹಾವೃಕ್ಷ ಎಂಬ ಗಾದೆಯನ್ನು ನಾವು ಯಾರನ್ನಾದರೂ ಚುಚ್ಚಲು ಬಳಸುತ್ತೇವೆ. ನಿನೆವೆಯ ಹೊರಗಿನ ಬಯಲಲ್ಲಿ ಯೋನನಿಗೆ ಅದು ಅಕ್ಷರಶಃ ನಿಜವಾಗಿತ್ತು.

ಯೆಹೂದ್ಯರ ತಾಲ್ಮೂದಿನಲ್ಲೂ ಇದೇ ವಿಚಾರ ಬರುತ್ತದೆ. ಸಬ್ಬತ್ತಿನ ರಾತ್ರಿ ಯಾವ ಎಣ್ಣೆಯ ದೀಪ ಹಚ್ಚಬಾರದು ಎಂಬ ಪಟ್ಟಿಯಲ್ಲಿ ‘ಕೀಕ್’ ಎಣ್ಣೆಯಿದೆ. ಹಾಗಂದರೇನು? ಯೋನನ ಕಿಕಾಯೋನಿನದು ಅಂತಾರೆ ಒಬ್ಬ ರಬ್ಬಿ. ತಿರುಗಾಟದಲ್ಲಿ ಊರೂರು ಕಂಡ ಇನ್ನೊಬ್ಬ ರಬ್ಬಿ, ನಾನು ಆ ಗಿಡ ನೋಡಿದ್ದೇನೆ ಅನ್ನುತ್ತಾನೆ. ಜೌಗಿನಲ್ಲಿ ಬೆಳೆಯುತ್ತದೆ, ಅಂಗಡಿಗಳ ಬಾಗಿಲಲ್ಲಿ ನೆಡುತ್ತಾರೆ, ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಕಾಯಿಲೆಯವರು ಅದರ ಕೊಂಬೆಗಳ ಕೆಳಗೆ ಒರಗುತ್ತಾರೆ. ಅಜ್ಜಿಯ ದೀಪಕ್ಕೆ ಸಲ್ಲುತ್ತಿದ್ದ ಎಣ್ಣೆ ಅವರ ದೀಪಕ್ಕೆ ಸಲ್ಲಲಿಲ್ಲ. ಬತ್ತಿ ಸರಿಯಾಗಿ ಹೀರುವುದಿಲ್ಲ ಅಂತ ಅವರ ಆಕ್ಷೇಪ. ಈಗಿನ ಹೀಬ್ರೂವಿನಲ್ಲೂ ಕಿಕಾಯೋನ್ ಎಂದರೆ ಔಡಲವೇ.

ಹಾಗಾದರೆ ಜೆರೋಮ್ ಔಡಲ ಅಂತಲೇ ಬರೆಯಬಹುದಿತ್ತಲ್ಲ? ಲ್ಯಾಟಿನ್ನಿನಲ್ಲಿ ಅದಕ್ಕೆ ಪದವಿಲ್ಲ ಅಂದ. ಹೀಬ್ರೂ ಶಬ್ದವನ್ನೇ ಇಟ್ಟರೆ ಯಾರಿಗೂ ತಿಳಿಯದು. ವ್ಯಾಕರಣದ ಮೇಷ್ಟ್ರುಗಳು ಅದನ್ನು ಹಿಂದೂದೇಶದ ಯಾವುದೋ ಮೃಗ ಅಂತಲೋ ಗ್ರೀಸಿನ ಯಾವುದೋ ಬೆಟ್ಟ ಅಂತಲೋ ವ್ಯಾಖ್ಯಾನ ಹೊಸೆಯುತ್ತಾರೆ. ಸೋರೆ ಅಂದರೆ ಮೂಲದಲ್ಲಿಲ್ಲದ್ದನ್ನು ಹೇಳಿದ ಹಾಗೆ. ಅದಕ್ಕೇ ಹಿಂದಿನ ಗ್ರೀಕ್ ಅನುವಾದಕರ ಜಾಡು ಹಿಡಿದು ಐವಿ ಅಂದೆ. ಇದು ಅವನ ಸಮಜಾಯಿಷಿ. ಹಿಂದೂದೇಶದ ಮೃಗ ಅಂತ ಓದಿದಾಗ ನಗು ಬಂತು. ಇವತ್ತು ಜಗತ್ತಿಗೆಲ್ಲ ಅತಿ ಹೆಚ್ಚು ಔಡಲ ಬೆಳೆದು ಕೊಡುವುದು ಈ ಹಿಂದೂದೇಶವೇ.

ಸಮಜಾಯಿಷಿ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಸೋರೆ ಬೇಡ ಅನ್ನಲು ಅವನು ಕೊಟ್ಟ ಕಾರಣ, ಅದು ನೆಲದ ಮೇಲೆ ಹರಿಯುವ ಬಳ್ಳಿ, ಆಸರೆಯಿಲ್ಲದೆ ಏಳದು. ಐವಿಯೂ ಬಳ್ಳಿಯೇ, ಅದಕ್ಕೂ ಆಸರೆ ಬೇಕು. ಒಂದು ತಪ್ಪನ್ನು ತೆಗೆದು ಅದೇ ಜಾತಿಯ ಇನ್ನೊಂದನ್ನು ಕೂರಿಸಿದ್ದಾಯಿತು. ಪದವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಮುನ್ನೂರು ವರ್ಷ ಮೊದಲು ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ, ಈಜಿಪ್ಟಿನಲ್ಲಿ ‘ಕಿಕಿ’ ಅನ್ನುವ ಗಿಡಕ್ಕೆ ನಮ್ಮವರು ‘ರಿಕಿನುಸ್’ ಅನ್ನುತ್ತಾರೆ ಅಂತ ಬರೆದಿಟ್ಟಿದ್ದ. ರಿಕಿನುಸ್ ಎಂದರೆ ದನದ ಮೈಯ ಉಣ್ಣೆ. ಬೀಜ ನೋಡಿ, ರಕ್ತ ಕುಡಿದು ಉಬ್ಬಿದ ಉಣ್ಣೆಯ ಹಾಗೇ ಇದೆ. ಸಸ್ಯವಿಜ್ಞಾನಿಗಳು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಅಷ್ಟೆಲ್ಲ ಓದಿದ್ದ ಜೆರೋಮ್‌ಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲವೋ, ಪ್ರವಾದಿಯ ತಲೆಯ ಮೇಲೆ ಉಣ್ಣೆಗಿಡ ಇಡಲು ಮನಸ್ಸಾಗಲಿಲ್ಲವೋ.

*

ಓಯಾದ ಜನ ಬರೀ ಹಟಮಾರಿಗಳು ಅಂತ ತೀರ್ಮಾನಿಸುವ ಮೊದಲು ಇಟಲಿಯ ಈಶಾನ್ಯ ಮೂಲೆಗೆ ಹೋಗಬೇಕು. ಅಕ್ವಿಲೇಯಾ. ಅಲ್ಲಿನ ಬೆಸಿಲಿಕಾದ ನೆಲ ನಾಲ್ಕನೆಯ ಶತಮಾನದ ಆರಂಭದ್ದು, ಬಣ್ಣದ ಕಲ್ಲುಚೂರುಗಳನ್ನು ಒತ್ತೊತ್ತಿ ಕೂರಿಸಿದ ಚಿತ್ರಹಾಸು, ಸುಮಾರು 750 ಚದರ ಮೀಟರ್. ಆಮೇಲಿನವರು ಅದರ ಮೇಲೆ ಬೇರೆ ನೆಲ ಹಾಸಿ ಮುಚ್ಚಿದ್ದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಿಚ್ಚಿದಾಗ ಹೊಸದರಂತೆ ಹೊಳೆಯಿತು. ಒಂದು ತುದಿಯಲ್ಲಿ ಪೂರ್ತಿ ಸಮುದ್ರ. ಬಗೆಬಗೆಯ ಮೀನು, ಬಾತುಕೋಳಿ, ದೋಣಿಯಲ್ಲಿ ಬಲೆ ಎಳೆಯುವ ರೆಕ್ಕೆಯ ಪುಟ್ಟ ಹುಡುಗರು. ಅದೇ ನೀರಿನಲ್ಲಿ ಯೋನನ ಕತೆ: ದೋಣಿಯಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ, ಹಾವಿನಂತೆ ಬಾಲ ಸುರುಳಿ ಸುತ್ತಿದ ಜಲಮೃಗ ನುಂಗುತ್ತಿದೆ, ಇನ್ನೊಂದೆಡೆ ಕಾರುತ್ತಿದೆ. ಕೊನೆಯ ಚಿತ್ರದಲ್ಲಿ ಬೆತ್ತಲೆ ಯೋನ, ಹೊಟ್ಟೆ ತುಂಬ ಉಂಡು ಮಲಗಿದವನಂತೆ ಒರಗಿದ್ದಾನೆ. ಅವನ ಮೇಲೆ ಒಂದು ಚಪ್ಪರ. ಚಪ್ಪರದಿಂದ ಜೋತಾಡುತ್ತಿರುವುದು ಸೋರೆಕಾಯಿಗಳು, ನೀಳ ಕತ್ತು, ಗುಂಡು ಹೊಟ್ಟೆ, ನಮ್ಮ ಚಪ್ಪರದ ಸೋರೆ ಹೇಗೋ ಹಾಗೆ.

ಇದೊಂದೇ ಅಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳ ಗೋಡೆಯಲ್ಲಿ, ಶವಪೆಟ್ಟಿಗೆಗಳ ಅಮೃತಶಿಲೆಯಲ್ಲಿ, ಮತ್ತೆ ಮತ್ತೆ ಇದೇ ಚಿತ್ರ. ಗ್ರೀಕರ ಎಂಡಿಮಿಯಾನ್ ಎಂಬ ಚಿರನಿದ್ರೆಯ ಚೆಲುವನ ಭಂಗಿಯನ್ನು ಶಿಲ್ಪಿಗಳು ಯೋನನಿಗೆ ತೊಡಿಸಿದರು, ಮೇಲೆ ಸೋರೆ ಹಬ್ಬಿಸಿದರು. ಗ್ರಂಥದಲ್ಲಿ ಅವನು ಸಿಡಿಮಿಡಿಗೊಂಡು ಕೂತಿದ್ದ. ಸಮಾಧಿಯ ಮೇಲೆ ನೆಮ್ಮದಿಯಾಗಿ ಮಲಗಿದ. ಮೀನಿನ ಹೊಟ್ಟೆಯಿಂದ ಬಂದವನು ಸಾವು ದಾಟಿ ಬಂದವನು, ಸೋರೆಯ ನೆರಳು ಸತ್ತವರಿಗೆ ಸಿಗುವ ತಂಪು. ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ ಸೋರೆಯನ್ನು ಕಂಡವರಿಗೆ ಬಿಷಪರು ಬಂದು ಅದು ಸೋರೆಯಲ್ಲ ಅಂದರೆ, ಹೊಟ್ಟೆಯಲ್ಲಿ ಕಲಸಿದಂತಾಗದೆ ಇರುತ್ತದೆಯೇ?

ಜೆರೋಮ್‌ಗೆ ಇದು ಗೊತ್ತಿಲ್ಲದ ಲೋಕವೇನಲ್ಲ. ಹುಟ್ಟಿದ ಸ್ಟ್ರಿಡಾನ್ ಅಕ್ವಿಲೇಯಾದ ಆ ಸುತ್ತಿನದೇ ಇರಬೇಕು. ಇಪ್ಪತ್ತರ ಹರೆಯದಲ್ಲಿ ಅಕ್ವಿಲೇಯಾದ ತಪಸ್ವಿಗಳ ಗುಂಪಿನಲ್ಲಿ ಕೆಲಕಾಲ ಇದ್ದ. ಆ ಕಲ್ಲಿನ ಸಮುದ್ರದ ಮೇಲೆ ಅವನ ಪಾದ ಬಿದ್ದಿರಬಹುದು, ಆ ಸೋರೆಗಳನ್ನು ದಾಟಿ ಅವನು ಪ್ರಾರ್ಥನೆಗೆ ನಿಂತಿರಬಹುದು.

ಇನ್ನೊಂದು ವಿಷಯ ನನ್ನನ್ನು ಕಾಡಿದ್ದು. ನಿನೆವೆಯಲ್ಲಿ ಯೋನ ಸಾರಿದ್ದು ಎಷ್ಟು ದಿನದ ಗಡುವು? ಹೀಬ್ರೂವಿನಲ್ಲಿ 40 ದಿನ. ಹಳೆಯ ಗ್ರೀಕಿನಲ್ಲಿ 3 ದಿನ. ಜೆರೋಮ್ ಇದನ್ನೂ ಬದಲಿಸಿದ್ದ. ಒಂದು ನಗರದ ಆಯಸ್ಸಿನ ಲೆಕ್ಕ ಇದು, ಧರ್ಮಶಾಸ್ತ್ರಿಗಳಿಗೆ ದೊಡ್ಡ ತೊಡಕು. ಅಗಸ್ಟೀನ್ ಮುಂದೆ ತನ್ನ ‘ದೇವನಗರ’ದಲ್ಲಿ ಇದನ್ನು ಬಿಡಿಸಲು ಕೂತ. ಆದರೂ ಜಗಳದ ಕತೆಯಲ್ಲಿ ಈ ಲೆಕ್ಕ ಎಲ್ಲೂ ಇಲ್ಲ. ಜಗಳ ನಡೆದದ್ದು ಹಿತ್ತಲಲ್ಲಿ ಬೆಳೆಯುವ, ಪಲ್ಯಕ್ಕೆ ಬರುವ, ಒಣಗಿಸಿದರೆ ನೀರು ತುಂಬುವ ಬುರುಡೆಯಾಗುವ ಕಾಯಿಗೆ.

*

ಅಗಸ್ಟೀನ್–ಜೆರೋಮ್ ಪತ್ರವ್ಯವಹಾರ ನಮ್ಮ ಅಂಚೆ ಇಲಾಖೆಯ ಬಗ್ಗೆ ಗೊಣಗುವವರು ಓದಬೇಕಾದ್ದು. ಮೊದಲ ಕಾಗದ ಒಯ್ಯಬೇಕಾದವನು ಹೊರಡುವಷ್ಟರಲ್ಲಿ ಬಿಷಪ್ ಆಗಿಬಿಟ್ಟ, ಹೋಗಲಿಲ್ಲ. ಎರಡನೆಯದನ್ನು ಒಯ್ಯಬೇಕಾದವನು ಸಮುದ್ರಕ್ಕೆ ಹೆದರಿ ಮನಸ್ಸು ಬದಲಿಸಿದ. ಕಾಗದ ಮಾತ್ರ ಬೇರೆ ದಾರಿ ಹಿಡಿಯಿತು. ಜೆರೋಮ್‌ನ ತಪ್ಪು ಎತ್ತಿ ತೋರಿಸಿದ್ದ ಅದನ್ನು ಇಟಲಿಯಲ್ಲಿ ಜನ ನಕಲು ಮಾಡಿಕೊಂಡು ಓದಿದರು. ಏಡ್ರಿಯಾಟಿಕ್ ಸಮುದ್ರದ ಒಂದು ದ್ವೀಪದಲ್ಲಿ ಯಾರಿಗೋ ಪ್ರತಿ ಸಿಕ್ಕಿತು. ಬೆತ್ಲೆಹೇಮಿನ ವಿಳಾಸದಾರನಿಗೆ ತಿಳಿದದ್ದು ಎಲ್ಲರ ಕೊನೆಗೆ, ಅದೂ ಸಹಿಯಿಲ್ಲದ ನಕಲು. ಮುದುಕ ಕೆರಳಿದ. ದಣಿದ ಎತ್ತು ಹೆಜ್ಜೆ ಇನ್ನೂ ಬಿಗಿಯಾಗಿ ಊರುತ್ತದೆ, ನೆನಪಿರಲಿ ಅಂತ ಕಿರಿಯ ಬಿಷಪ್‌ಗೆ ಎಚ್ಚರಿಸಿದ.

ಓಯಾದ ದೂರಿನ ಹಿಂದೆ ಅಗಸ್ಟೀನನ ದಿಗಿಲು ಬೇರೆಯಿತ್ತು. ಅವನಿಗೆ ಹೀಬ್ರೂ ಬಾರದು, ಗ್ರೀಕೂ ಅಷ್ಟಕ್ಕಷ್ಟೆ. ಅವನ ನಂಬಿಕೆ ‘ಎಪ್ಪತ್ತು ಮಂದಿಯ ಅನುವಾದ’ ಅಂದರೆ ಸೆಪ್ಟುವಜಿಂಟ್‌ನಲ್ಲಿ. ಅಲೆಕ್ಸಾಂಡ್ರಿಯಾದ ಬಳಿಯ ಫಾರೋಸ್ ದ್ವೀಪದಲ್ಲಿ 72 ಹಿರಿಯರು 72 ದಿನದಲ್ಲಿ ಮುಗಿಸಿದರೆಂಬ ಹಳೆಯ ಕತೆ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಕೂತು ಮಾಡಿದರೂ ಅಕ್ಷರ ಕೂಡ ಬೇರೆಯಾಗಲಿಲ್ಲ ಅಂತ ಆಮೇಲೆ ಬೆಳೆದ ಕತೆ. ಆ ಕೋಣೆಗಳನ್ನು ಕಟ್ಟಿದ ಸುಳ್ಳುಗಾರ ಯಾರೋ ಕಾಣೆ ಅಂತ ಜೆರೋಮ್ ನಗಾಡಿದ್ದ. ಅಗಸ್ಟೀನನಿಗೆ ನಗು ಬರಲಿಲ್ಲ. ಗ್ರೀಕ್ ಚರ್ಚುಗಳಲ್ಲಿ ಒಂದು ಪಾಠ, ಲ್ಯಾಟಿನ್ ಚರ್ಚುಗಳಲ್ಲಿ ಇನ್ನೊಂದು ಆದರೆ ನಡುವೆ ಬಿರುಕು ಬೀಳುತ್ತದೆ. ತಕರಾರು ಬಂದಾಗ ನಿರ್ಣಯಿಸುವವರು ಯಾರು? ಹೀಬ್ರೂ ಬಲ್ಲ ಒಬ್ಬನೇ ಒಬ್ಬ ಬೆತ್ಲೆಹೇಮಿನಲ್ಲಿದ್ದಾನೆ, ಅವನಿಗೆ ಕಾಗದ ತಲುಪುವುದು ವರ್ಷಗಳ ಮೇಲೆ.

404ರಲ್ಲಿ ಜೆರೋಮ್‌ನ ಉತ್ತರ ಬಂತು. ಅದೇ ವರ್ಷ ಜನವರಿಯಲ್ಲಿ ಪೌಲಾ ತೀರಿಕೊಂಡಿದ್ದಳು. ಆದರೂ ಕಾಗದದಲ್ಲಿ ನಾಲಗೆ ಹರಿತವಾಗಿಯೇ ಇದೆ. ರೋಮಿನಲ್ಲಿ ದೊಡ್ಡ ಮನೆತನದವನೆಂದು ಬೀಗುತ್ತಿದ್ದ ಒಬ್ಬಾತ ಸೋರೆಯ ಜಾಗದಲ್ಲಿ ಐವಿ ಇಟ್ಟದ್ದಕ್ಕೆ ತನ್ನನ್ನು ಧರ್ಮದ್ರೋಹಿ ಅಂದದ್ದನ್ನು ನೆನೆಸಿದ. ವ್ಯಾಖ್ಯಾನದಲ್ಲಿ ಅವನನ್ನು ಮೊದಲೇ ಮಾತಾಡಿಸಿಕೊಂಡಿದ್ದ: ಸೋರೆ ಹೋದರೆ ಅದರ ಮರೆಯಲ್ಲಿ ಕದ್ದು ಕುಡಿಯಲು ಜಾಗವಿರದಲ್ಲ ಅಂತ ಅವನಿಗೆ ಭಯ! ಓಯಾದ ಯೆಹೂದ್ಯರ ಬಗ್ಗೆ ಬರೆಯುತ್ತ, ಅವರಿಗೆ ಹೀಬ್ರೂ ಗೊತ್ತಿಲ್ಲ, ಇಲ್ಲವೇ ಸೋರೆಕಾಯಿಯವರನ್ನು ಗೇಲಿ ಮಾಡಲು ಬೇಕೆಂದೇ ಸುಳ್ಳಾಡಿದರು ಅಂದ. ಸೋರೆಕಾಯಿಯವರು, ಅದಕ್ಕೊಂದು ಲ್ಯಾಟಿನ್ ಪದವನ್ನೂ ಟಂಕಿಸಿದ. ಔಡಲಕ್ಕೆ ಪದ ಸಿಗದವನಿಗೆ ಬೈಯಲು ಪದ ಸಿಕ್ಕಿತು. ಕೊನೆಗೆ ದನಿ ಇಳಿಯುತ್ತದೆ. ನೀನು ಹರೆಯದವನು, ಪೀಠದ ಮೇಲಿರುವವನು, ಜನಕ್ಕೆ ಕಲಿಸು. ನನಗೆ ಮಠದ ಮೂಲೆಯಲ್ಲಿ ಒಬ್ಬ ಬಡ ಕೇಳುಗನ ಜೊತೆ ಪಿಸುಗುಟ್ಟಿಕೊಂಡಿದ್ದರೆ ಸಾಕು ಎಂಬರ್ಥದ ಮಾತು.

ಅಗಸ್ಟೀನ್ ಮರುವರ್ಷ ಬರೆದ ಜವಾಬು ವಿನಯದ್ದು, ಆದರೆ ಸೋರೆಯನ್ನು ಬಿಡಲಿಲ್ಲ. ಆ ಎಪ್ಪತ್ತು ಮಂದಿ ಸುಮ್ಮನೆ ಸೋರೆ ಅಂದಿರಲಾರರು, ಗಿಡ ಅದನ್ನು ಹೋಲುತ್ತದೆ ಅಂತ ಗೊತ್ತಿದ್ದೇ ಅಂದಿರಬೇಕು ಅಂದ.

ಹೊಸ ಪಾಠ ನಿಧಾನವಾಗಿ ಗೆದ್ದಿತು. ಶತಮಾನಗಳು ಕಳೆದು ಅದೇ ಜನರ ಕಿವಿಪಾಠವಾಯಿತು, ವಲ್ಗೇಟ್ ಎಂಬ ಹೆಸರು ಅಂಟಿತು. ವಲ್ಗೇಟ್ ಅಂದರೆ ಎಲ್ಲೆಡೆ ಬಳಕೆಯಲ್ಲಿರುವುದು. ಜೆರೋಮ್ ಬದುಕಿದ್ದಾಗ ಆ ಮಾತನ್ನು ಆಡುತ್ತಿದ್ದದ್ದು ತಾನು ಬದಲಿಸ ಹೊರಟ ಹಳೆಯ ಪಾಠಕ್ಕೆ. 1546ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ವಲ್ಗೇಟನ್ನು ಅಧಿಕೃತ ಅಂತ ಸಾರಿದಾಗ ಐವಿಗೂ ಮುದ್ರೆ ಬಿತ್ತು. ಅಷ್ಟರಲ್ಲಿ ಆ ಕಡೆ ಲೂಥರ್ ಜರ್ಮನ್‌ನಲ್ಲಿ ಕುಂಬಳ–ಸೋರೆಯ ಜಾತಿಗೇ ಮರಳಿದ್ದ. 1611ರ ಇಂಗ್ಲಿಷ್ ಬೈಬಲ್ ಕೂಡ ಸೋರೆ ಅಂದಿತು. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಯೋನನ ನಾಲ್ಕನೆಯ ಅಧ್ಯಾಯ ತೆಗೆದರೂ ತಲೆಯ ಮೇಲೆ ಸೋರೆಯೇ. ಔಡಲ ಊರ ತುಂಬ ಬೆಳೆಯುವ, ಅದಕ್ಕೆ ಎರಡೆರಡು ಹೆಸರಿರುವ ನಾಡಿನಲ್ಲಿ! ಆದರೂ ಆ ಪುಟ ಓದುವಾಗ ನನಗೆ ತಿದ್ದಬೇಕು ಅನಿಸಲಿಲ್ಲ. ಸೋರೆಯ ಚಪ್ಪರದ ಕೆಳಗಿನ ತಂಪು ಔಡಲಕ್ಕೆ ಎಲ್ಲಿಂದ ಬರಬೇಕು.

ನ್ಯೂರೆಂಬರ್ಗಿನ ಆಲ್‌ಬ್ರೆಕ್ಟ್ ಡ್ಯೂರರ್ 1514ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ಒಂದು ಚಿತ್ರವಿದೆ, ‘ಅಧ್ಯಯನ ಕೋಣೆಯಲ್ಲಿ ಸಂತ ಜೆರೋಮ್’. ದೊಡ್ಡದಲ್ಲ, ಹತ್ತಿರ ಹತ್ತಿರ ಒಂದು ಗೇಣು ಎತ್ತರ. ಎಡಗಡೆ ಕಿಟಕಿಯ ಗುಂಡು ಗಾಜುಗಳಿಂದ ಬೆಳಕು ಒಳಕ್ಕೆ ಸೋರಿ ಗೋಡೆಯ ಮೇಲೆ ವೃತ್ತವೃತ್ತವಾಗಿ ಬಿದ್ದಿದೆ. ಕಿಟಕಿಕಟ್ಟೆಯ ಮೇಲೆ ತಲೆಬುರುಡೆ. ಗೋಡೆಯಲ್ಲಿ ಮರಳುಗಡಿಯಾರ, ಕಾರ್ಡಿನಲ್ಲರ ಟೋಪಿ. ಅವನು ಕಾರ್ಡಿನಲ್ ಆಗಿರಲೇ ಇಲ್ಲ, ಅದು ಚಿತ್ರಕಾರರು ಕೊಟ್ಟ ಬಡ್ತಿ. ಮುಂದೆ ನೆಲದಲ್ಲಿ ಸಿಂಹ ಅರೆಗಣ್ಣು ಮುಚ್ಚಿ ತೂಕಡಿಸುತ್ತಿದೆ, ಪಕ್ಕದಲ್ಲಿ ಸಣ್ಣ ನಾಯಿ ಸುರುಳಿಯಾಗಿ ಮಲಗಿದೆ. ಆ ಸಿಂಹವೂ ಗೆರಾಸಿಮಸ್ ಎಂಬ ಬೇರೊಬ್ಬ ಸನ್ಯಾಸಿಯ ಕತೆಯಿಂದ ಹೆಸರಿನ ಗೊಂದಲದಲ್ಲಿ ಇವನ ಮನೆಗೆ ಬಂದದ್ದು. ಕೋಣೆಯ ಆ ತುದಿಯಲ್ಲಿ ಓರೆ ಮೇಜಿಗೆ ಬಾಗಿ ಮುದುಕ ಬರೆಯುತ್ತಿದ್ದಾನೆ. ಬೋಳುತಲೆಯ ಸುತ್ತ ಪ್ರಭೆ. ಯಾವ ಪದದ ಮುಂದೆ ನಿಂತಿದ್ದಾನೋ, ತಲೆ ಎತ್ತುವುದಿಲ್ಲ.

ಎತ್ತಿದರೆ ಕಾಣುತ್ತಿತ್ತು. ಮೇಲೆ ಚಾವಣಿಯ ತೊಲೆಯಿಂದ, ಒಣಬಳ್ಳಿಯ ತುದಿ ಇನ್ನೂ ಸುತ್ತಿಕೊಂಡಿರುವಂತೆ, ಒಂದು ದಪ್ಪನೆಯ ಸೋರೆಕಾಯಿ ತೂಗುತ್ತಿದೆ.